ಸಮಾಧಿಯ ಸೊಟ್ಟ ಗೋಡೆ

ಸ್ಯಾನ್ ಹೋಸೆಯ ಮ್ಯೂಸಿಯಂ ಒಂದರಲ್ಲಿ ಈಜಿಪ್ಟಿನ ಪುರಾತನ ಸಮಾಧಿಯ ಒಳಕೋಣೆಯನ್ನು ಅದೇ ಅಳತೆಯಲ್ಲಿ ಕಟ್ಟುತ್ತಿದ್ದರು. ಈಜಿಪ್ಟಿನಿಂದ ಬಂದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದುವುದು ಆ ಮ್ಯೂಸಿಯಂನಲ್ಲೇ ಇದ್ದ ಧಾರವಾಡದ ಮಾಧುರಿಯ ಕೆಲಸ. ಲೆನ್ಸಿನಿಂದ ಬಾಗಿದ ಗೆರೆಗಳನ್ನು ನೆಟ್ಟಗೆ ಮಾಡಬೇಕು, ಬಲ್ಬಿನ ಹಳದಿ ಛಾಯೆ ತೆಗೆಯಬೇಕು. ತಿದ್ದಿದ್ದನ್ನು ಹಲಗೆಗಳ ಮೇಲೆ ಪ್ರಿಂಟ್ ಹಾಕಿ ಗೋಡೆಯಾಗಿ ನಿಲ್ಲಿಸುವವನು ಮಂಡ್ಯದ ಜಗನ್.

ಎಡಮೂಲೆಯಲ್ಲಿ ಎರಡು ಗೋಡೆಗಳಿಗೂ ಹರಡಿದ್ದ ಹಾರುವ ಬಾತುಕೋಳಿಯ ಚಿತ್ರ ಒಂದಕ್ಕೊಂದು ಕೂಡಲಿಲ್ಲ.

“ಮಾಧುರಿ, ಬಾತುಕೋಳಿ ಕತ್ತು ಒಂದ್ಕಡೆ, ಮೈ ಒಂದ್ಕಡೆ ಆಗ್ಬಿಟ್ಟಿದೆ. ಫೋಟೊ ಸರಿಯಾಗಿ ಮಾಡಿದೀರಾ ತಾನೆ?”

“ಫೋಟೊ ಬರೋಬ್ಬರಿ ಐತ್ರಿ. ಮೊದ್ಲ ನಿಮ್ಮ ಹಲಗಿ ನೋಡ್ಕೋರಿ.”

ಜಗನ್ ಹಲಗೆ ಬಿಚ್ಚಿ ಮತ್ತೆ ಜೋಡಿಸಿದ. ಬಾತುಕೋಳಿಯ ಕತ್ತು ಮೊದಲಿದ್ದಲ್ಲೇ ಇತ್ತು. ಅಂದು ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಊಟ ಮಾಡಿದರು.

ಮಾಧುರಿಗೆ ಸಮಾಧಾನವಾಗಲಿಲ್ಲ. ಊಟ ಮುಗಿಸಿ ಬಂದವಳೇ ಆ ಗೋಡೆಯ ಚಿತ್ರವನ್ನು ಮತ್ತೆ ತೆರೆದಳು. ಫೋಟೊ ತೆಗೆದವರು ಅಳತೆಗೆಂದು ಗೋಡೆಯ ಎರಡೂ ತುದಿಗೆ ಒಂದೇ ಉದ್ದದ ಕೋಲು ನಿಲ್ಲಿಸಿದ್ದರು. ಅವಳು ತಿದ್ದಿದ ಚಿತ್ರದಲ್ಲಿ ಎಡಗಡೆಯ ಕೋಲು ಬಲಗಡೆಯದಕ್ಕಿಂತ ಉದ್ದ ಬೆಳೆದುಬಿಟ್ಟಿತ್ತು! ಅಂದರೆ ಅಸಲಿ ಸಮಾಧಿಯಲ್ಲೇ ಆ ಕಡೆ ಚಾವಣಿ ನಿಜವಾಗಿಯೂ ತಗ್ಗಾಗಿತ್ತು. ಅದು ಲೆನ್ಸಿನ ದೋಷವೆಂದುಕೊಂಡು ಅವಳೇ ಗೋಡೆಯನ್ನು ಮೇಲಕ್ಕೆ ಎಳೆದಿದ್ದಳು.

ಅವಳು ಕೆಳಗೆ ಓಡಿಬಂದಳು. “ಜಗನ್, ತಪ್ಪು ನಂದರೀ. ಕೋಣೇನ ಸೊಟ್ಟ ಐತಿ. ನೆಟ್ಟಗ ಮಾಡಾಕ ಹೋಗಿ ನಾನ ಬಾತುಕೋಳಿ ಕುತ್ತಿಗಿ ಮುರದೇನಿ!”

ಜಗನ್ ತಲೆಮೇಲೆ ಕೈಯಿಟ್ಟ. “ಅಯ್ಯೋ, ಹಲಗೆ ಎಲ್ಲಾ ಮತ್ತೆ ಕುಯ್ಬೇಕಲ್ರೀ!” ಎಂದವನು ಮರುಕ್ಷಣವೇ ನಕ್ಕ. “ಆ ಕಾಲದಲ್ಲಿ ಬಂಡೆ ಕಡೆದು ಸಮಾಧಿ ಮಾಡಿದೋರೂ ನಮ್ ಥರಾನೇ ಕಣ್ರೀ. ಅಳತೆ ತಪ್ಪಿದ್ಮೇಲೆ ಚಿತ್ರ ಬರೆದು ಮುಚ್ಚಾಕಿದಾರೆ.”

ಮಾಧುರಿ ಎರಡು ಗೋಡೆಗಳನ್ನೂ ಹೊಸದಾಗಿ ತಿದ್ದಿದಳು. ಜಗನ್ ಹಲಗೆಗಳನ್ನು ಓರೆಯಾಗಿ ಕೊಯ್ದ. ಈ ಸಲ ಬಾತುಕೋಳಿ ಇಡಿಯಾಗಿ ಮೂಲೆ ದಾಟಿ ಹಾರಿತು. ಇಬ್ಬರೂ ಚಪ್ಪಾಳೆ ತಟ್ಟಿದರು.

ಪ್ರದರ್ಶನ ಶುರುವಾದ ದಿನ ಮಾಧುರಿ ತನ್ನ ತಾಯಿ ಅಂಬವ್ವನನ್ನು ಕರೆತಂದಳು. ಅಂಬವ್ವ ಚಾವಣಿ ನೋಡುತ್ತ ನಿಧಾನಕ್ಕೆ ಒಂದು ಸುತ್ತು ಬಂದು ಮಗಳ ಕಿವಿಯ ಹತ್ತಿರ ಬಗ್ಗಿದಳು.

“ಮಾಧೂ, ಈ ಕಡೆ ಛತ್ತು ಇಳದೈತಲ್ಲ. ಯಾರೂ ನೋಡ್ಲಿಲ್ಲೇನ?”

ಪಕ್ಕದಲ್ಲಿದ್ದ ಜಗನಿಗೆ ಕೇಳಿಸಿತು. “ಅಮ್ಮಾ, ಅಷ್ಟು ಇಳಿಸೋದಕ್ಕೇ ನಾವಿಬ್ರೂ ಎರಡು ವಾರ ಒದ್ದಾಡಿದೀವಿ!”

“ಒದ್ದಾಡಿ ಸೊಟ್ಟ ಮಾಡೀರೇನು!” ಅಂಬವ್ವ ಸೆರಗು ಬಾಯಿಗಿಟ್ಟು ನಗತೊಡಗಿದಳು.