ಬೀಗರು ಮುಂದೆ

ಗಂಗಾನಗರದ ಪಿಳ್ಳಪ್ಪನನ್ನು ಜಗಳಗಂಟ ಅನ್ನಿ, ಸುಮ್ಮನಿರುತ್ತಾನೆ. ಪಕ್ಷಪಾತಿ ಅಂದರೆ ಮಾತ್ರ ಪಂಚೆ ಎತ್ತಿ ಕಟ್ಟುತ್ತಾನೆ. ಪ್ರಾಯದಲ್ಲಿ ಹೆಬ್ಬಾಳದ ಸುತ್ತಮುತ್ತಲ ಕಬಡ್ಡಿ ಪಂದ್ಯಗಳಿಗೆಲ್ಲ ಅವನೇ ರೆಫರಿ. ಫೈನಲ್‌ನಲ್ಲಿ ಸ್ವಂತ ತಮ್ಮನಿಗೇ ಔಟ್ ಕೊಟ್ಟು, ಮನೆಯಲ್ಲಿ ಒಂದು ವಾರ ತಂಗಳು ತಿಂದವನು. ಅದಕ್ಕೇ ಮಗಳು ನಂದಿತಾ ತನ್ನ ದಾಳದಾಟಕ್ಕೆ ಅಪ್ಪನನ್ನು ಹಿಡಿದು ಮಾಸ್ಟರ್ ಮಾಡಿದ್ದಳು.

ಆಟ ಇಷ್ಟೇ. ಮಾಸ್ಟರ್ ಕಥೆ ಹೇಳುತ್ತಾ ಹೋಗಬೇಕು, ಗುಹೆ ಬಂತು, ಸೇತುವೆ ಬಂತು, ರಾಕ್ಷಸ ಬಂದ ಅಂತ. ಉಳಿದವರು ತಲೆಗೊಬ್ಬ ವೀರನಾಗಿ ಆ ಕಥೆಯೊಳಗೆ ನಡೆಯಬೇಕು. ಹೊಡೆತ ಬಿತ್ತೋ ತಪ್ಪಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ, ದೊಡ್ಡ ಅಂಕಿ ಬಿದ್ದರೆ ಹೊಡೆತ, ಸಣ್ಣದು ಬಿದ್ದರೆ ಗುರಿ ತಪ್ಪಿತು. ಪ್ರಾಣ ಮುಗಿದರೆ ವೀರ ಸತ್ತ. ಇದಕ್ಕೆ ಪಿಳ್ಳಪ್ಪ ತನ್ನದೂ ಒಂದು ಕಾನೂನು ಸೇರಿಸಿದ್ದ. ಸತ್ತವರು ಮುಖ ಊದಿಸಿಕೊಂಡು ಎದ್ದು ಹೋಗುವಂತಿಲ್ಲ, ಮಾಸ್ಟರ್ ಪಕ್ಕ ಕೂತು ರಾಕ್ಷಸನ ದಾಳ ಎಸೆಯಬೇಕು. ಹೋದ ತಿಂಗಳು ಹಾಗೆ ಕೂತವಳು ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿ ಹುಡುಗಿ ಕೀರ್ತಿ. ಬಹಳ ಆಸೆಯಿಂದ ಬೆಳೆಸಿದ್ದ ಅವಳ ಬಿಲ್ಲುಗಾತಿ ಸತ್ತಾಗ ಕಣ್ಣಲ್ಲಿ ನೀರು ತಂದುಕೊಂಡು, "ಒಂದ್ ಸಲ ಬಿಡ್ರಿ ಅಂಕಲ್" ಅಂದಿದ್ದಳು. ಪಿಳ್ಳಪ್ಪ ಬಿಟ್ಟಿರಲಿಲ್ಲ.

ಈ ಭಾನುವಾರ ಬೀಗರು ಬಂದಿದ್ದರು. ಚಿಕ್ಕಬಾಣಾವರದ ಮುನಿವೆಂಕಟಯ್ಯ. ಅವರ ಮಗ ಜಗನ್‌ಗೂ ನಂದಿತಾಗೂ ಬರುವ ತಿಂಗಳು ಮದುವೆ. ಮುದ್ದೆ, ಮಟನ್ ಸಾರು ಉಂಡು, ಎಲೆಯಡಿಕೆ ಹಾಕಿಕೊಂಡು, "ಅದೇನೋ ಆಟ ಆಡ್ತೀರಂತೆ, ನಮ್ ಜಗ ಯೋಳ್ತಿದ್ದ. ನಾನೂ ಒಂದ್ ಕೈ ನೋಡ್ತೀನಿ" ಅಂತ ಕೂತೇಬಿಟ್ಟರು. ತಮ್ಮ ವೀರನಿಗೆ ಬೆಟ್ಟದ ಭೈರ ಅಂತ ಹೆಸರಿಟ್ಟರು.

ಬೀಗರಿಗೆ ನೀರು ಮೊದಲು, ಎಲೆ ಮೊದಲು, ಕಾರಿನಲ್ಲಿ ಮುಂದಿನ ಸೀಟು. ಪಿಳ್ಳಪ್ಪನ ಬಾಯಿ ಅದೇ ರೂಢಿಯಲ್ಲಿ ಓಡಿತು. ಗುಹೆಯ ಬಾಗಿಲು ಬಂದಾಗ, "ಬೀಗ್ರು ಮುಂದೆ ನಡೀರಿ" ಅಂದ. ಬಾಣ ಬಂದು ಭೈರನ ತೋಳಿಗೆ ಚುಚ್ಚಿತು. ಸೇತುವೆ ಬಂದಾಗ, "ಬೀಗ್ರು ಮುಂದೆ." ಹಲಗೆ ಮುರಿಯಿತು. ಕತ್ತಲೆ ಕೋಣೆ ಬಂದಾಗಲೂ ಬೀಗರೇ ಮುಂದೆ, ಹಾವು ಕಚ್ಚಿತು. ಹಿಂದೆ ಬರುತ್ತಿದ್ದ ನಂದಿತಾಳಿಗೂ ಕೀರ್ತಿಗೂ ಒಂದು ಗೀರೂ ಬೀಳಲಿಲ್ಲ.

"ಅಲ್ಲ ಪಿಳ್ಳಪ್ಪನೋರೆ, ಬಾಣಾನೂ ನಂಗೇ, ಆವೂ ನಂಗೇ. ಕರ್ದು ಉಣ್ಣಾಕಿಕ್ಕಿ ಒಡಿಸ್ತಿದ್ದೀರಾ?" ಅಂದರು ಬೀಗರು. ನಗುತ್ತಲೇ ಅಂದರು. ಆದರೆ ನಗು ಹಲ್ಲಿನಿಂದ ಒಳಗೆ ಇಳಿದಿರಲಿಲ್ಲ. ಭೈರನ ಪ್ರಾಣ ಮೂರಕ್ಕೆ ಬಂದು ನಿಂತಿತ್ತು.

ಅಡುಗೆಮನೆ ಬಾಗಿಲಿಂದ ಹೆಂಡತಿ ಗೋಪಾಲಮ್ಮ, "ರೀ" ಅಂದಳು. ಪಿಳ್ಳಪ್ಪ ಎದ್ದು ಒಳಗೆ ಹೋದ.

"ಮಗಳು ನಾಳೆ ಆ ಮನೇಲಿ ಬಾಳ್ಬೇಕು. ಛತ್ರದಲ್ಲಿ ಕೂತು ಆಡ್ಕೊಳ್ಳೋಕೆ ಅವ್ರಿಗೆ ಇನ್ನೇನ್ ಬೇಕು? ಆ ವಯ್ಯನ್ನ ಸಾಯಿಸ್ಬೇಡಿ."

"ದಾಳ ಬೀಳೋದು ನನ್ ಕೈಲಿದ್ಯೇನೇ?"

"ಹೇಳೋದು ನಿಮ್ ಬಾಯಲ್ಲೇ ಅಲ್ವಾ?"

ವಾಪಸ್ ಬರುವಾಗ ಲಗ್ನಪತ್ರಿಕೆ ತುಂಬಿದ್ದ ಪೆಟ್ಟಿಗೆಯ ಮುಚ್ಚಳ ತಂದು, ಮೇಜಿನ ಮೇಲೆ ತನ್ನ ಮುಂದೆ ನಿಲ್ಲಿಸಿದ.

"ಇದ್ಯಾಕಪ್ಪ?" ಅಂದಳು ನಂದಿತಾ.

"ಗಾಳಿ."

"ಫ್ಯಾನೇ ಹಾಕಿಲ್ಲ."

ಪಿಳ್ಳಪ್ಪ ಮುಚ್ಚಳವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಕಥೆಯಲ್ಲಿ ರಾಕ್ಷಸ ಭೈರನ ಮೇಲೆ ಗದೆ ಎತ್ತಿದ. ಮುಚ್ಚಳದ ಮರೆಯಲ್ಲಿ ದಾಳ ಉರುಳಿತು. ಹತ್ತೊಂಬತ್ತು.

"ನಾಲ್ಕು. ಗುರಿ ತಪ್ತು" ಅಂದ.

ಬೀಗರು ತೊಡೆ ತಟ್ಟಿಕೊಂಡರು. ನಂದಿತಾ ಮುಚ್ಚಳ ನೋಡಲಿಲ್ಲ, ಅಪ್ಪನ ಮುಖ ನೋಡಿದಳು. ಕೀರ್ತಿ ತಲೆ ತಗ್ಗಿಸಿ ಪೆನ್ಸಿಲ್ ಕಚ್ಚಿದಳು. ರಾಕ್ಷಸ ಈಗ ಅವಳ ಹೊಸ ವೀರೆಯ ಕಡೆ ತಿರುಗಬೇಕಿತ್ತು. ಪಿಳ್ಳಪ್ಪ ಎಸೆದ. ಹದಿನೇಳು.

ಬೀಗರಿಗೆ ಸುಳ್ಳು ಹೇಳಿದ ಬಾಯಿ ಇವಳಿಗೆ ನಿಜ ಹೇಳಿದರೆ ಅನ್ಯಾಯ. ಇವಳಿಗೂ ಸುಳ್ಳು ಹೇಳಿದರೆ ದಾಳವನ್ನು ತಿಪ್ಪೆಗೆ ಎಸೆಯಬಹುದು. ಎದ್ದು ಹೋಗೋಣವೆಂದರೆ ಹಿಂದೆ ಗೋಡೆ, ಎದೆಗೆ ಮೇಜು, ಒಂದು ಕಡೆ ಬೀರು, ಇನ್ನೊಂದು ಕಡೆ ಚಾಚಿಕೊಂಡಿದ್ದ ಬೀಗರ ಕಾಲು. ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದ ಗೋಪಾಲಮ್ಮ.

"ಎಷ್ಟ್ ಬಿತ್ರಿ ಅಂಕಲ್? ಹೇಳ್ರಿ. ಹೊಡ್ತಾ ತಿನ್ನೂದು ನನಗ ರೂಢಿ ಐತಿ" ಅಂದಳು ಕೀರ್ತಿ.

ಪಿಳ್ಳಪ್ಪನಿಗೆ ತನ್ನ ಮೇಲೇ ರೇಗಿತು. ಮುಚ್ಚಳವನ್ನು ಕೈಯಿಂದ ಹೊಡೆದ. ಅದು ಹಾರಿ ಟಿವಿ ಕೆಳಗೆ ಬಿತ್ತು.

"ಹದಿನೇಳು. ನಿಂಗೆ ಬಿತ್ತಮ್ಮ. ಮೊದಲು ಬಿದ್ದಿದ್ದು ನಾಲ್ಕಲ್ಲ, ಹತ್ತೊಂಬತ್ತು. ಬೀಗ್ರೆ, ನಿಮ್ ಭೈರ ಆಗ್ಲೇ ಸತ್ತ. ನಾನು ಸುಳ್ಳು ಹೇಳ್ದೆ."

ಮುನಿವೆಂಕಟಯ್ಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಬೀಗ ಅಂತ ಬದುಕ್ಸಿದ್ರಾ?"

"ಊಂ. ಬೀಗ್ರು ಅಂತ್ಲೇ ಮುಂದೆ ಕಳ್ಸಿ ಸಾಯ್ಸಿದ್ದೂ."

ಬೀಗರು ಎದ್ದರು. ಟವೆಲ್ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಕಡೆ ನೋಡಿದರು. ಗೋಪಾಲಮ್ಮ, "ಕಾಫಿ ಆದ್ರೂ..." ಅಂದು ಅಲ್ಲಿಗೇ ನಿಲ್ಲಿಸಿದಳು.

"ಮಾವ, ಸತ್ತೋರು ಎದ್ದು ಹೋಗೋ ಹಾಗಿಲ್ಲ. ಅಪ್ಪನ ಪಕ್ಕ ಕೂತು ರಾಕ್ಷಸನ ದಾಳ ಎಸೀಬೇಕು. ಇದು ಅಪ್ಪನ ರೂಲ್ಸು" ಅಂದಳು ನಂದಿತಾ.

"ಎಲ್ರಿಗೂನಾ?"

"ಹೌದ್ರಿ, ನಾನೂ ಕುಂತಿದ್ದೆ" ಅಂದಳು ಕೀರ್ತಿ.

ಬೀಗರು ಟವೆಲ್ ತೆಗೆದು ಕುರ್ಚಿಗೆ ಹಾಕಿ, ಹೊಟ್ಟೆ ಒಳಗೆಳೆದುಕೊಂಡು ಮೇಜಿನ ಹಿಂದೆ ತೂರಿದರು. ಒಬ್ಬನಿಗೇ ಸಾಲದ ಜಾಗದಲ್ಲಿ ಎರಡು ದಪ್ಪ ಆಳುಗಳು ಸಿಕ್ಕಿಕೊಂಡರು.

ರಾಕ್ಷಸನ ಮುಂದಿನ ಹೊಡೆತ ನಂದಿತಾಗೆ. ಅವಳ ವೀರೆಗೂ ಹೆಚ್ಚು ಪ್ರಾಣ ಉಳಿದಿರಲಿಲ್ಲ. ಬೀಗರು ಇಸ್ಪೀಟು ಎಲೆ ಎಸೆಯುವವರಂತೆ ಗತ್ತಿನಿಂದ ದಾಳ ಎಸೆದರು. ಅದು ಉರುಳಿ ನಿಂತದ್ದೇ ಅವರ ಅಂಗೈ ಅದರ ಮೇಲೆ ಬಿತ್ತು. ಹದಿನೆಂಟನ್ನು ಕಂಡವರು ಅವರು ಮತ್ತು ಪಿಳ್ಳಪ್ಪ ಇಬ್ಬರೇ.

"ಎಷ್ಟು ಮಾವ?"

ಮುನಿವೆಂಕಟಯ್ಯ ಪಿಳ್ಳಪ್ಪನ ಕಿವಿಗೆ ಬಗ್ಗಿದರು. "ಮನೇಗ್ ಬರೋ ಸೊಸೆ ಕಣ್ರೀ. ನನ್ ಕೈಯಾರೆ ಎಂಗ್ರೀ?"

"ನಂಗ್ ಮಗಳು. ಕೈ ತೆಗೀರಿ."

"ಏನಾರಾ ಒಂದ್ ಯೋಳ್ಬುಡಿ ನೀವೇ."

"ಕೈ ತೆಗೀರಿ ಬೀಗ್ರೆ."

ಬೀಗರು ಮಂಡಿ ಸರಿಸಲು ನೋಡಿದರು. ಮೇಜಿಗೆ ತಗುಲಿತು. ಬೆನ್ನು ಹಿಂದೆ ಹಾಕಿದರು. ಗೋಡೆ. ಹಣೆಯ ಬೆವರು ಮೂಗಿಗೆ ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಏನ್ ಜಾಗಾರೀ ಇದು, ಉಸ್ರಾಡಾಕೂ ಆಗಾಕಿಲ್ಲ" ಅಂದರು.

"ಆಗಲ್ಲ" ಅಂದ ಪಿಳ್ಳಪ್ಪ.

ಬೀಗರು ಸೊಸೆಯ ಮುಖ ನೋಡದೆ, ಒಂದೊಂದೇ ಬೆರಳು ಎತ್ತತೊಡಗಿದರು.