ಅಕ್ಕನ ಕಣ, ತಮ್ಮನ ಬೆರಳು

ತಮ್ಮನ ಬೆರಳು ಕತ್ತರಿಯ ಹಿಡಿಯೊಳಗೆ ತೂರುತ್ತಿರಲಿಲ್ಲ. ಕೂದಲು ಕತ್ತರಿಸಿಯೇ ಹೊಟ್ಟೆ ಹೊರೆಯುವವನು ಅವನು.

ರಕ್ತದ ಕ್ಯಾನ್ಸರ್ ಬಂದಾಗ ಅಕ್ಕ ತನ್ನ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತ ಹುಟ್ಟಿಸುವ ಮೂಲಕಣಗಳನ್ನು ಕೊಟ್ಟು ಅವನನ್ನು ಉಳಿಸಿಕೊಂಡಿದ್ದಳು. ವರ್ಷ ಕಳೆಯುವುದರೊಳಗೆ ಅವನ ಚರ್ಮ ಒಣತೊಗಲಿನಂತೆ ಬಿಗಿಯತೊಡಗಿತು, ಬೆರಳು ಮಡಚಲೂ ಆಗದಾಯಿತು. ಬಾಯಿ ತುಂಬ ಹುಣ್ಣು. ಮಾತ್ರೆಗಳಿಂದ ಸಾಕಷ್ಟು ಗುಣ ಕಾಣಲಿಲ್ಲ.

"ದಾನಿಯ ಕಣಗಳು ಇವರ ಮೈಯನ್ನೇ ಹೊರಗಿನದು ಅಂದುಕೊಂಡು ಕಾದಾಡ್ತಿವೆ" ಎಂದರು ಡಾಕ್ಟರು.

ದಾನಿ ಪಕ್ಕದಲ್ಲೇ ಕುಳಿತಿದ್ದಳು. ಡಾಕ್ಟರು ಆಮೇಲೆ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ.

ಡಾಕ್ಟರು ಬರೆದುಕೊಟ್ಟ ಬೆಳಕಿನ ಚಿಕಿತ್ಸೆಗೆ ದಿನ ನಿಗದಿಯಾಯಿತು. ಅಕ್ಕನದು ತಿಂಡಿ ಅಂಗಡಿ. ಸೊರಗಿದ ತಮ್ಮನಿಗೆ ಶಕ್ತಿ ಬರಲೆಂದು ಬೆಳಗ್ಗೆಯೇ ಬಾಣಲೆ ಇಟ್ಟಳು. ತಿನ್ನಿಸಿ, ಎರಡು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆತಂದಳು.

"ರಕ್ತಕ್ಕೆ ಲೈಟು ಬಿಡ್ತಾರಂತೆ! ಸುಟ್ಟು ಹೋಗಲ್ವಾ ಸಿಸ್ಟರ್?"

"ಎಲ್ಲ ರಕ್ತಕ್ಕಲ್ಲ ಅಕ್ಕಾ" ಎಂದಳು ನರ್ಸ್, ತಮ್ಮನ ತೋಳಿನಲ್ಲಿ ನರ ಹುಡುಕುತ್ತಾ. "ಈ ಮಿಷನ್ನು ಒಂದಷ್ಟು ಬಿಳಿ ಕಣ ಮಾತ್ರ ಬೇರೆ ಮಾಡುತ್ತೆ. ಅದಕ್ಕೊಂದು ಔಷಧಿ ಸೇರಿಸಿ, ಮೇಲೆ ಬೆಳಕು ಹಾಯಿಸಿ, ವಾಪಸು ಮೈಗೇ ಬಿಡ್ತೀವಿ."

"ನನ್ನ ತಲೇಲಿ ಕೂದಲು ಬರುತ್ತಾ ಕೇಳೇ" ಎಂದ ತಮ್ಮ. "ಬೋಳುತಲೆಯವನ ಕೈಗೆ ಯಾರು ತಲೆ ಕೊಡ್ತಾರೆ?"

"ಸುಮ್ಮನಿರೋ!"

ಮಿಷನ್ನು ಗುಂಯ್‌ಗುಟ್ಟಿತು. ತುಸು ಹೊತ್ತಿಗೆ ನರ್ಸ್ ಬಗ್ಗಿ, ಬೇರೆಯಾದ ಕಣ ತುಂಬುತ್ತಿದ್ದ ಚೀಲ ನೋಡಿದಳು. ತಿಳಿಹಳದಿ ಇರಬೇಕಾದ ರಕ್ತದ ನೀರು ಹಾಲಿನಂತೆ ಮಬ್ಬಾಗಿತ್ತು.

"ಬೆಳಗ್ಗೆ ಏನು ತಿಂದ್ರಿ?"

ತಮ್ಮ ಸೂರು ನೋಡಿದ.

"ನಾನೇ ಕೊಟ್ಟಿದ್ದು. ಕರಿದ ವಡೆ, ಹುಣ್ಣಿಗೆ ತಾಗದ ಹಾಗೆ ಮೊಸರಲ್ಲಿ ನೆನೆಸಿ. ಎಂಟು" ಎಂದಳು ಅಕ್ಕ.

"ಹತ್ತು" ಎಂದ ತಮ್ಮ.

"ಜಿಡ್ಡು ರಕ್ತಕ್ಕೆ ಇಳಿದಿದೆ. ಬೆಳಕು ಇದನ್ನ ಸರಿಯಾಗಿ ದಾಟಲ್ಲ." ನರ್ಸ್ ಡಾಕ್ಟರನ್ನು ಕೇಳಿ ಮಿಷನ್ನು ನಿಲ್ಲಿಸಿದಳು. ತೆಗೆದ ರಕ್ತವನ್ನು ಜೋಪಾನವಾಗಿ ಅವನಿಗೇ ಹಿಂದಿರುಗಿಸಿದಳು.

"ಕೊಟ್ಟ ಕಣವೂ ಕೇಡು, ಕೊಟ್ಟ ತಿಂಡಿಯೂ ಕೇಡು. ನನ್ನ ಕೈಗುಣವೇ ಇಷ್ಟು" ಎಂದು ಅಕ್ಕ ಸೆರಗು ಬಾಯಿಗೊತ್ತಿಕೊಂಡಳು.

"ನಿಮ್ಮ ಕಣ ಇಲ್ದಿದ್ರೆ ಹತ್ತು ತಿನ್ನೋಕೆ ಇವರು ಎಲ್ಲಿರ್ತಿದ್ರು? ಕಣ ಒಳ್ಳೇವೇ ಅಕ್ಕಾ. ಹೊಸ ಮನೇಲಿ ರಂಪ ಮಾಡ್ತಿವೆ, ಅಷ್ಟೆ. ಆ ರಂಪ ಇಳಿಸೋಕೇ ಈ ಬೆಳಕು." ನರ್ಸ್ ಕೈಗವಸು ಬಿಚ್ಚಿದಳು. "ಸೂಜಿ ಹಾಕೋ ಮೊದಲೇ ನಾನು ಊಟದ ವಿಷಯ ಕೇಳಬೇಕಿತ್ತು. ತಪ್ಪು ನನ್ನದು."

ಅಕ್ಕ ತಲೆಯೆತ್ತಿದಳು. ತಪ್ಪನ್ನು ಹೀಗೆ ಒಪ್ಪಿಕೊಳ್ಳುವವಳ ಕೈಗೆ ತಮ್ಮನನ್ನು ಒಪ್ಪಿಸಬಹುದು ಎನಿಸಿತು.

"ಮುಂದಿನ ಸಲ ಏನು ಕೊಡಲಿ ಹೇಳಿ" ಎಂದಳು.

ಆಮೇಲೆ ಅವರು ಒಂದು ಬಾರಿಯೂ ತಪ್ಪಿಸಲಿಲ್ಲ. ಪ್ರತಿಸಲ ಮೂರು ಗಂಟೆ ಹೊತ್ತು ಹಿಡಿಯುತ್ತಿತ್ತು. ನರ್ಸ್ ಮಿಷನ್ನು ಬಿಟ್ಟು ಕದಲುತ್ತಿರಲಿಲ್ಲ. ಮೊದಲೆರಡು ತಿಂಗಳು ಏನೂ ಬದಲಾಗಲಿಲ್ಲ. ನಾಲ್ಕನೆಯದರಲ್ಲಿ ಬಾಯಿಹುಣ್ಣು ಮಾಯತೊಡಗಿತು. ಏಳನೆಯ ತಿಂಗಳು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತಮ್ಮ ಎಡವಿದ. ಅಕ್ಕನ ಮುಂಗೈಯನ್ನು ಗಬಕ್ಕನೆ ಹಿಡಿದುಕೊಂಡ. ಐದೂ ಬೆರಳು ಮಡಚಿದ್ದವು. ನೋಯುವಷ್ಟು ಬಿಗಿ.

ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಸ್ಟೆಮ್ ಸೆಲ್ ಕಸಿ ಆಗಿದ್ದರೆ, ಚರ್ಮ ಬಿಗಿಯುವುದು, ಬಾಯಿಹುಣ್ಣು, ಕಣ್ಣು ಒಣಗುವುದು, ಉಸಿರುಕಟ್ಟುವುದು ಕಂಡರೆ ಅಂದೇ ಡಾಕ್ಟರಿಗೆ ಹೇಳಿ. ಬೆಳಕಿನ ಚಿಕಿತ್ಸೆ, ಅಂದರೆ ಫೋಟೋಫೆರೆಸಿಸ್, ನಿಮಗೆ ಹೊಂದುತ್ತದೆಯೇ ಎಂದು ಕೇಳಿ. ಎಲ್ಲರಿಗೂ ಫಲಿಸದು, ಫಲಿಸಲು ತಿಂಗಳುಗಳೇ ಬೇಕು. ಚಿಕಿತ್ಸೆಗೆ ಹೋಗುವ ಮೊದಲು ಜಿಡ್ಡಿನದು ತಿನ್ನಬೇಡಿ. ಮುಗಿದ ಮೇಲೆ ಡಾಕ್ಟರು ಹೇಳಿದಷ್ಟು ಹೊತ್ತು ಬಿಸಿಲಿನಿಂದ ದೂರವಿರಿ, ಕಪ್ಪು ಕನ್ನಡಕ ಹಾಕಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಮತ್ತೆ, ಕಣ ಕೊಟ್ಟವರು ನೀವಾಗಿದ್ದರೆ: ನೀವು ಕೊಟ್ಟದ್ದು ಜೀವ. ತಲೆ ತಗ್ಗಿಸಬೇಡಿ.