ದೊಡ್ಡ ಬಾಯಾರ ವಾಕರ್

ನಾನು ಒಂದು ವಾಕರ್. ಅಲ್ಯೂಮಿನಿಯಂ ಕೊಳವೆಗಳನ್ನು ಬಾಗಿಸಿ, ನಾಲ್ಕು ಕಾಲು ಜೋಡಿಸಿ, ತುದಿಗೆ ರಬ್ಬರ್ ಬೂಟು ತೊಡಿಸಿ ನನ್ನನ್ನು ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ತಯಾರಿಸಿದರು. ನಾಲ್ಕು ಕಾಲಿದ್ದರೂ ನಾನಾಗಿ ಒಂದು ಹೆಜ್ಜೆ ಇಡಲಾರೆ. ಹೀಗೆ ಹುಟ್ಟಿದ ನನಗೆ ಹೊಟ್ಟೆಕಿಚ್ಚು ಬಾರದೆ ಇನ್ನೇನು ಬಂದೀತು? ಅಂಗಡಿಯಲ್ಲಿ ಗಾಲಿಕುರ್ಚಿಯನ್ನು ಗಾಜಿನ ಮುಂದೆ ಮೆರೆಯಲು ಬಿಟ್ಟು, ನನ್ನನ್ನು ಬೆಡ್‌ಪ್ಯಾನುಗಳ ಪಕ್ಕ ನೇತುಹಾಕಿದ ದಿನವೇ ಅದು ಶುರುವಾಯಿತು.

ನನ್ನನ್ನು ತರಿಸಿಕೊಂಡವರು ಬ್ಯಾಡಗಿಯ ಹೆರಿಗೆ ಡಾಕ್ಟರ್ ನಿರ್ಮಲಾ ಮುದಗಲ್. ಡಾಕ್ಟರಮ್ಮನನ್ನು ಬಾಯಾರು ಎಂದು ಕರೆಯುವ ಊರಿನವರಿಗೆ ಅವರು ದೊಡ್ಡ ಬಾಯಾರು. ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಲಾರಿಯೊಂದು ಅವರ ಸ್ಕೂಟರಿಗೆ ಬಡಿದು ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಮೂಳೆಯೊಳಗೆ ಉದ್ದನೆಯ ರಾಡ್ ಕೂರಿಸಿದ್ದರು. ನೋಡಲು ಬಂದವರೆಲ್ಲ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಂಥಾ ರಾಡ್ ಹಾಕ್ಯಾರ ನೋಡ್ರಿ!" ಎಂದು ಬೆರಗಾಗುತ್ತಿದ್ದರು. ರಾಡ್ ಅವರ ಮೈಯೊಳಗೆ ಬೆಚ್ಚಗೆ ಮಲಗಿತ್ತು. ನನ್ನ ಮೇಲೆ ಒದ್ದೆ ಟವೆಲ್ ಒಣಗುತ್ತಿತ್ತು.

ಮನೆ ಮಹಡಿಯ ಮೇಲೆ, ಆಸ್ಪತ್ರೆ ಕೆಳಗೆ. ಕೆಳಗೆ ಮಗು ಹುಟ್ಟಿ ಅತ್ತರೆ ಆ ದನಿ ಮೆಟ್ಟಿಲು ಹತ್ತಿ ಬರುತ್ತಿತ್ತು. ಪ್ರತಿ ಅಳುವಿಗೂ ಬಾಯಾರ ಬೆರಳುಗಳು ಚಾದರವನ್ನು ಹಿಂಡುತ್ತಿದ್ದವು. ಕೆಳಗೆ ಹೆರಿಗೆ ಮಾಡಿಸುತ್ತಿದ್ದವಳು ಪೂರ್ಣಿಮಾ. ಓದು ಮುಗಿಸಿ ಇವರ ಕೈಕೆಳಗೆ ಕಲಿಯಲು ಬಂದ ಹುಡುಗಿ, ಊರಿಗೆ ಸಣ್ಣ ಬಾಯಾರು. ಅಪಘಾತವಾದ ಮೇಲೆ ಇಡೀ ಆಸ್ಪತ್ರೆ ಅವಳ ತಲೆಯ ಮೇಲೆ ಬಿದ್ದಿತ್ತು.

ಆಯಾ ಹುಸೇನಬಿ ಚಹಾದ ಜೊತೆ ಸುದ್ದಿಯನ್ನೂ ತರುತ್ತಿದ್ದಳು.

"ಸಣ್ಣ ಬಾಯಾರು ನಿನ್ನಿ ಅವಳಿ ಹೆರಿಗಿ ಮಾಡಿಸಿದ್ರು ನೋಡ್ರಿ. ಎರಡೂ ಕೂಸು ಗಟ್ಟಿ ಅದಾವು. ಏನ್ ಕೈಗುಣರೀ ಆಕೀದು!"

"ಕೈಗುಣ ಗೀಗುಣ ಏನೂ ಇರೂದಿಲ್ಲ, ಹುಸೇನಬಿ. ಓದ್ಯಾಳ, ಮಾಡ್ತಾಳ."

"ಹೌದ್ರಿ? ಮತ್ತ ಇಷ್ಟು ವರ್ಷ ಮಂದಿ ನಿಮ್ಮ ಕೈಗುಣ ಅಂದಾಗ ಸುಮ್ನ ನಗತಿದ್ರಿ?"

ಬಾಯಾರು ಚಹಾ ಅರ್ಧಕ್ಕೇ ಬಿಟ್ಟರು.

ಮರುದಿನದಿಂದ ಒಂದು ಹೊಸ ಅಭ್ಯಾಸ ಶುರುವಾಯಿತು. ನನ್ನನ್ನು ಹಿಡಿದು ಎದ್ದು ನಿಲ್ಲುವುದು, ಆಮೇಲೆ ಮೆಲ್ಲಗೆ ಎರಡೂ ಕೈ ಬಿಡುವುದು. ಮುಂದಿನ ಎಕ್ಸ್‌ರೇವರೆಗೆ ಕಾಲಿನ ಮೇಲೆ ಪೂರ್ತಿ ಭಾರ ಹಾಕಕೂಡದೆಂದು ಹುಬ್ಬಳ್ಳಿಯ ಡಾಕ್ಟರ್ ಹೇಳಿದ್ದರು. ಹೇಳಿದ ಮಾತು ಕೇಳದ ಬಾಣಂತಿಯರನ್ನು ಜೀವಮಾನವಿಡೀ ಬೈದವರು ಈಗ ತಮಗೆ ತಾವೇ ಡಾಕ್ಟರಾದರು. ಅವರು ಕೈ ಬಿಟ್ಟಾಗಲೆಲ್ಲ ನನಗೆ ಉರಿಯುತ್ತಿತ್ತು. ಅದು ಮಾರುಕಟ್ಟೆಗೆ ಮೆಣಸಿನಕಾಯಿ ಬಂದು ಸುರಿಯುವ ಕಾಲ. ಘಾಟು ಕಿಟಕಿಯಿಂದ ನುಗ್ಗಿ ಕೆಮ್ಮು ಎಬ್ಬಿಸಿದರೆ ಅವರ ಕೈ ತಟ್ಟನೆ ನನ್ನ ಮೇಲೆ ಬೀಳುತ್ತಿತ್ತು. ಇಡೀ ಊರು ಬೈಯುವ ಆ ಘಾಟನ್ನು ಹೊಗಳುವವನು ನಾನೊಬ್ಬನೇ ಇರಬೇಕು.

ಇಷ್ಟೆಲ್ಲ ಕಸರತ್ತು ರೇಣುಕಾಳಿಗಾಗಿ. ಮೋಟೆಬೆನ್ನೂರಿನ ಈ ಸೊಸೆಯ ಚೊಚ್ಚಲ ಹೆರಿಗೆ ಬಹಳ ಕಷ್ಟದ್ದಾಗಿತ್ತು. ಕಾಲು ಮುಂದಾಗಿ ಬಂದ ಆ ಮಗುವನ್ನು ಉಳಿಸಿದ್ದು ದೊಡ್ಡ ಬಾಯಾರೇ. ಎರಡನೆಯದಕ್ಕೂ ತಾವೇ ನಿಲ್ಲುವುದಾಗಿ ಮಾತು ಕೊಟ್ಟಿದ್ದರು. ಈ ಒಂದು ಹೆರಿಗೆಯೂ ಪೂರ್ಣಿಮಾಳ ಪಾಲಾದರೆ ಊರು ತಮ್ಮನ್ನು ಮರೆಯುತ್ತದೆ ಎಂಬ ಭಯ ಅವರಿಗೆ ಹತ್ತಿತ್ತು.

ಒಂದು ಬೆಳಿಗ್ಗೆ ರೇಣುಕಾಳನ್ನು ಕರೆತಂದರು. ಮೆಟ್ಟಿಲ ತಲೆಯಲ್ಲಿ ನಿಂತಿದ್ದ ನಮಗೆ ಅವಳ ಅತ್ತೆ ಗಂಗವ್ವನ ದನಿ ಸ್ಪಷ್ಟವಾಗಿ ಕೇಳಿತು.

"ದೊಡ್ಡ ಬಾಯಾರನ್ನ ಎಬ್ಬಸಬ್ಯಾಡ್ರಿ, ಪಾಪ. ಸಣ್ಣ ಬಾಯಾರ ಕೈಗುಣ ಚಲೋ ಐತಂತ ಎಲ್ಲಾರೂ ಅಂತಾರ."

ಬಾಯಾರ ಮುಖ ಕೆಂಪಾಯಿತು. ಅಲ್ಲೇ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಮುರಿದ ಕಾಲನ್ನು ಮುಂದಕ್ಕೆ ಚಾಚಿಕೊಂಡು, ಒಂದೊಂದೇ ಮೆಟ್ಟಿಲು ಕುಂಡೆಯ ಮೇಲೆ ಜಾರುತ್ತ ಇಳಿದರು. ಊರಿಗೇ ಹೆಸರಾದ ಡಾಕ್ಟರ್, ನೈಟಿಯಲ್ಲಿ.

"ಹುಸೇನಬಿ, ವಾಕರ್ ತಗೊಂಡ್ ಬಾ!"

ಹೆರಿಗೆ ಕೋಣೆಯ ಬಾಗಿಲಲ್ಲಿ ಹುಸೇನಬಿ ನನ್ನನ್ನು ತಡೆದಳು. "ಹೊರಗಿನ ಚಪ್ಪಲ್ ಒಳಗ ಬರಬಾರದು ಅಂತ ನೀವ ರೂಲ್ ಮಾಡೀರಿ. ಇದಕ್ಕ ನಾಕು ಚಪ್ಪಲ್ ಅದಾವು." ನನ್ನ ಬೂಟುಗಳನ್ನು ಫಿನಾಯಿಲ್ ನೀರಿನಲ್ಲಿ ತಿಕ್ಕಿ ತೊಳೆದು ಒಳಗೆ ಬಿಟ್ಟಳು.

"ಮೇಡಂ, ನೀವ್ಯಾಕ ಇಳದ್ರಿ?" ಎಂದಳು ಪೂರ್ಣಿಮಾ.

"ನಾ ಮಾಡಸ್ತೀನಿ. ನೀ ಬಾಜೂಕ ನಿಲ್ಲು."

ಬಾಯಾರು ಕೈ ತೊಳೆದು, ಗೌನು ತೊಟ್ಟು, ಗ್ಲೌಸ್ ಹಾಕಿಕೊಂಡರು. ಆಗ ನನಗೆ ಹೊಳೆಯಿತು. ಗ್ಲೌಸ್ ಹಾಕಿದ ಕೈ ನನ್ನನ್ನು ಮುಟ್ಟುವಂತಿಲ್ಲ. ಮಹಡಿಯ ಮೇಲೆ ಅವರು ನೆಟ್ಟಗೆ ನಿಲ್ಲುವುದನ್ನು ಕಲಿತಿದ್ದರು, ಬಾಗಿ ನಿಲ್ಲುವುದನ್ನು ಕಲಿತಿರಲಿಲ್ಲ. ಹೆರಿಗೆ ಮಾಡಿಸುವವರು ಬಾಗಲೇಬೇಕು. ಸ್ಟೂಲಿನ ಮೇಲೆ ಕೂರೋಣವೆಂದರೆ ಮೊಣಕಾಲು ಇನ್ನೂ ಮಡಚುತ್ತಿರಲಿಲ್ಲ.

ಮಗುವಿನ ನೆತ್ತಿ ಕಾಣಿಸಿತು. ಬಾಯಾರು ಬಾಗಿದರು. ಮುರಿದ ಕಾಲು ಭಾರ ತಡೆಯಲಿಲ್ಲ. ಎರಡೂ ಕೈ ಧೊಪ್ಪನೆ ನನ್ನ ಮೇಲೆ ಬಿದ್ದು ಬಿಗಿಯಾಗಿ ಹಿಡಿದವು.

"ಮೇಡಂ, ಗ್ಲೌಸ್..." ಎಂದಳು ಪೂರ್ಣಿಮಾ, ಮೆಲ್ಲಗೆ.

ಬೇರೆ ಗ್ಲೌಸ್ ಹಾಕಬಹುದಿತ್ತು. ಬೇರೆ ಕಾಲು ಹಾಕಲು ಆಗುತ್ತಿರಲಿಲ್ಲ.

"ಪೂರ್ಣಿಮಾ, ನೀ ಬಾ ಇಲ್ಲಿ," ಎಂದು ಬಾಯಾರು ನನ್ನನ್ನು ಪಕ್ಕಕ್ಕೆಳೆದುಕೊಂಡು ಸರಿದು ನಿಂತರು. ಸ್ವಲ್ಪ ಹೊತ್ತಿಗೆ, "ಕುತ್ತಿಗಿಗೆ ಹೊಕ್ಕಳಬಳ್ಳಿ ಸುತ್ತೇತಿ, ನೋಡಿಲ್ಲಿ," ಎಂದರು.

"ಬಿಡಿಸೀನ್ರಿ ಮೇಡಂ."

ಆಗಲೇ ಬಿಡಿಸಿಯಾಗಿತ್ತು. ಮಗು ಕಿರುಚಿಕೊಂಡು ಅತ್ತಿತು.

ನನ್ನನ್ನು ಯಾರೂ ಯಾವತ್ತೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ನಾನು ಬೀಗಬೇಕಿತ್ತು. ಆದರೆ ಬಾಯಾರ ಕಣ್ಣು ನನ್ನ ಮೇಲಿರಲಿಲ್ಲ, ಮಗುವಿನ ಮೇಲೂ ಇರಲಿಲ್ಲ. ಪೂರ್ಣಿಮಾಳ ಕೈಗಳನ್ನೇ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಗಾಲಿಕುರ್ಚಿಯನ್ನು ನಾನು ಹಾಗೇ ನೋಡುತ್ತಿದ್ದೆ.

ಹೊರಗೆ ಗಂಗವ್ವ ಸಕ್ಕರೆಯ ಪೊಟ್ಟಣ ಬಿಚ್ಚಿ ನಿಂತಿದ್ದಳು. ಮಗು ಯಾರ ಕೈಗೆ ಬಂದಿತೋ ಅವರ ಅಂಗೈಗೆ ಮೊದಲ ಸಕ್ಕರೆ ಹಾಕುವುದು ಅವಳ ಮನೆಯ ಪದ್ಧತಿ.

"ಇಬ್ಬರೂ ಒಳಗಿದ್ರಿ. ಯಾರ ಕೈಯಾಗ ಹುಟ್ಟಿತ್ರಿ?"

ಪೂರ್ಣಿಮಾ ನೆಲ ನೋಡುತ್ತ, "ಮೇಡಂ ಕೈಯಾಗ," ಎಂದಳು.

ಗಂಗವ್ವ ಸಕ್ಕರೆ ಹಿಡಿದ ಕೈ ಚಾಚಿದಳು. ದೊಡ್ಡ ಬಾಯಾರು ಒಂದು ಕೈ ನನ್ನಿಂದ ಎತ್ತಿದರೆ ಸಾಕಿತ್ತು. ಊರು ಅವರದಾಗುತ್ತಿತ್ತು. ಅವರ ಬೆರಳು ಸಡಿಲವಾದದ್ದು ನನಗೆ ಗೊತ್ತಾಯಿತು. ಮತ್ತೆ ಬಿಗಿಯಾದದ್ದೂ ಗೊತ್ತಾಯಿತು.

"ಸುಳ್ಳ ಯಾಕ ಹೇಳ್ತಿ?" ಎಂದು ಪೂರ್ಣಿಮಾಳ ಮೇಲೆ ಸಿಡುಕಿದರು. "ನನ್ನ ಎರಡೂ ಕೈ ಈ ವಾಕರ್ ಮ್ಯಾಲಿದ್ವು. ನಿನ್ನ ಕನಿಕರ ನನಗ ಬ್ಯಾಡ. ಗಂಗವ್ವ, ಆಕಿ ಕೈಯಾಗ ಹುಟ್ಟೇತಿ. ಆಕಿಗೇ ಕೊಡ್ರಿ."

ಗಂಗವ್ವ ಹಾಗೇ ಮಾಡಿದಳು. ಆಮೇಲೆ ಕೊಟ್ಟ ಚಿಟಿಕೆಯನ್ನು ದೊಡ್ಡ ಬಾಯಾರು ಕಹಿ ಮಾತ್ರೆ ನುಂಗುವಂತೆ ನುಂಗಿದರು.

ಅಂದಿನಿಂದ ಅವರು ಎಕ್ಸ್‌ರೇ ಹೇಳಿದಂತೆ ಕೇಳಿದರು. ಕಾಲು ನಿಧಾನವಾಗಿ ಕೂಡಿಕೊಂಡಿತು. ನನ್ನನ್ನು ಬಿಟ್ಟು ಕೋಲು ಹಿಡಿದರು, ಆಮೇಲೆ ಅದನ್ನೂ ಬಿಟ್ಟರು. ಈಗ ಮತ್ತೆ ಹೆರಿಗೆ ಮಾಡಿಸುತ್ತಾರೆ. ಕೆಲವು ಅತ್ತೆಯಂದಿರು ದೊಡ್ಡ ಬಾಯಾರನ್ನು ಕೇಳುತ್ತಾರೆ, ಕೆಲವರು ಸಣ್ಣ ಬಾಯಾರನ್ನು. ತಮ್ಮನ್ನು ಕೇಳದ ದಿನ ದೊಡ್ಡ ಬಾಯಾರು ಕೊಂಚ ಜೋರಾಗಿಯೇ ಮೆಟ್ಟಿಲು ಹತ್ತುತ್ತಾರೆ. ಕಾಲು ವಾಸಿಯಾಯಿತು. ಹೊಟ್ಟೆಕಿಚ್ಚು ವಾಸಿಯಾಗಲಿಲ್ಲ. ಅದನ್ನು ಹೊತ್ತುಕೊಂಡೇ ನಡೆಯುವುದನ್ನು ಕಲಿತರು, ಅಷ್ಟೆ.

ನನಗೆ ವಯಸ್ಸಾಗಿದೆ. ಒಂದು ಬೂಟು ಸವೆದು ನಿಂತಲ್ಲೇ ವಾಲುತ್ತೇನೆ. ಸಿಸೇರಿಯನ್ ಆದವರನ್ನು ಮೊದಲ ಸಲ ಎಬ್ಬಿಸಿ ನಡೆಸಲು ವಾರ್ಡಿನ ಮೂಲೆಯಲ್ಲಿ ಇಟ್ಟಿದ್ದಾರೆ. ಬೆಳಿಗ್ಗೆ ಒಬ್ಬಳು ನನ್ನ ಮೇಲೆ ಪೂರ್ತಿ ಭಾರ ಹಾಕಿ, ಹಲ್ಲು ಕಚ್ಚಿಕೊಂಡು ನಡೆದಳು. ಎದುರಿನ ಮಂಚದ ಮೇಲೆ ಅವಳ ಕೂಸು ಮುಲುಗಿತು. ಮರುಕ್ಷಣ ನನ್ನ ಮೇಲೆ ಅವಳ ಕೈ ಇರಲಿಲ್ಲ. ಉರಿಯಿತು. ಮಧ್ಯಾಹ್ನ ಇನ್ನೊಬ್ಬಳನ್ನು ಎಬ್ಬಿಸುತ್ತಾರಂತೆ.